ಬಮಾಕೋದ ಸ್ಟುಡಿಯೋ, ಹೆಸರಿಲ್ಲದ ಮುಖಗಳು

1991ರಲ್ಲಿ ನ್ಯೂಯಾರ್ಕಿನಲ್ಲಿ ಆಫ್ರಿಕಾದ ಕಲೆಯ ಒಂದು ದೊಡ್ಡ ಪ್ರದರ್ಶನ ಏರ್ಪಟ್ಟಿತ್ತು. ಅಲ್ಲಿದ್ದ ಕೆಲವು ಕಪ್ಪು-ಬಿಳುಪು ಭಾವಚಿತ್ರಗಳು ನೋಡಿದವರನ್ನು ತಡೆದು ನಿಲ್ಲಿಸಿದವು. ಆದರೆ ತೆಗೆದವರ ಹೆಸರಿರಲಿಲ್ಲ. ಮಾಲಿ ದೇಶದ ಬಮಾಕೋದ ಅಜ್ಞಾತ ಛಾಯಾಗ್ರಾಹಕ ಎಂದಷ್ಟೇ ಹೇಳಲಾಗಿತ್ತು. ಆ 'ಅಜ್ಞಾತ' ಸತ್ತಿರಲಿಲ್ಲ, ಊರು ಬಿಟ್ಟಿರಲೂ ಇಲ್ಲ. ಎಪ್ಪತ್ತರ ಆಸುಪಾಸಿನ ಸೈಯ್ದು ಕೈತಾ ಬಮಾಕೋದಲ್ಲೇ ಇದ್ದರು. ಪ್ಯಾರಿಸ್‌ನಿಂದ ಆಂದ್ರೆ ಮ್ಯಾಗ್ನಿನ್ ಎಂಬವರು ಹುಡುಕಿಕೊಂಡು ಹೋದಾಗ ಅವರು ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೇಳುವ ಮನಸ್ಸಿದ್ದರೆ ಮೊದಲೇ ಕೇಳಬಹುದಿತ್ತಲ್ಲವೇ?

ಕೈತಾ ಶಾಲೆಗೆ ಹೋದವರಲ್ಲ. ಮರಗೆಲಸ ಕಲಿತಿದ್ದರು. 1935ರಲ್ಲಿ ಚಿಕ್ಕಪ್ಪ ಸೆನೆಗಲ್‌ನಿಂದ ಬರುವಾಗ ತಂದುಕೊಟ್ಟ ಕೊಡಾಕ್ ಬ್ರೌನಿ ಕ್ಯಾಮೆರಾ ಅವರ ದಾರಿ ಬದಲಿಸಿತು. 1948ರಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಆಗ ಬಮಾಕೋ ಫ್ರೆಂಚರ ವಸಾಹತಿನ ರಾಜಧಾನಿ. ಡಕಾರ್‌ನಿಂದ ಬರುವ ರೈಲು ಅಲ್ಲಿಗೆ ವ್ಯಾಪಾರಿಗಳನ್ನೂ ಗುಮಾಸ್ತರನ್ನೂ ತಂದಿಳಿಸುತ್ತಿತ್ತು. ರೈಲು ನಿಲ್ದಾಣ ಹತ್ತಿರವೇ ಇದ್ದುದರಿಂದ ಗಿರಾಕಿಗಳಿಗೆ ಬರವಿರಲಿಲ್ಲ.

ಅಂಗಳದಲ್ಲಿ, ಹಗಲ ಬೆಳಕಿನಲ್ಲೇ ಹೆಚ್ಚಿನ ಕೆಲಸ. ಹಿಂದಿನ ಪರದೆಗೆ ಮೊದಲು ಬಳಸಿದ್ದು ತಮ್ಮದೇ ಕುಚ್ಚುಗಳಿದ್ದ ಹಾಸಿಗೆ ಹೊದಿಕೆಯನ್ನು. ಎರಡು ಮೂರು ವರ್ಷಕ್ಕೊಮ್ಮೆ ಪರದೆ ಬದಲಾಗುತ್ತಿತ್ತು. ಯಾವ ಚಿತ್ರ ಯಾವ ಕಾಲದ್ದೆಂದು ಅವರು ಮುಂದೆ ಗುರುತಿಸಿದ್ದು ಈ ಪರದೆಗಳಿಂದಲೇ! ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಕ್ಲಿಕ್, ಫಿಲ್ಮು ದುಬಾರಿ. ಕೋಟು, ಟೈ, ಗಡಿಯಾರ, ಪೆನ್ನು, ರೇಡಿಯೋ, ಪ್ಲಾಸ್ಟಿಕ್ ಹೂವು, ಸ್ಕೂಟರು ಎಲ್ಲವೂ ಸ್ಟುಡಿಯೋದಲ್ಲೇ ಸಿದ್ಧ. ತಮ್ಮ ಪ್ಯೂಜೋ ಕಾರನ್ನೂ ಚಿತ್ರಗಳಲ್ಲಿ ಸೇರಿಸಿದ್ದುಂಟು.

ಇದನ್ನು ಬರೀ ತೋರಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅದೇ ಕಾಲದಲ್ಲಿ ವಸಾಹತಿನ ಆಡಳಿತಕ್ಕೂ ಆಫ್ರಿಕನ್ನರ ಫೋಟೋ ಬೇಕಿತ್ತು, ಗುರುತಿನ ಚೀಟಿಗೆ ಅಂಟಿಸಲು. ಪೋಸ್ಟ್‌ಕಾರ್ಡ್ ಮಾರುವವರಿಗೆ ಅರೆನಗ್ನ 'ಬುಡಕಟ್ಟಿನ' ಹೆಣ್ಣು ಬೇಕಿತ್ತು. ಕೈತಾರ ಮುಂದೆ ಕುಳಿತವರು ಮಾತ್ರ ತಮಗೆ ಬೇಕಾದಂತೆ ಕುಳಿತರು. ದಪ್ಪ ಕನ್ನಡಕದ ಯುವಕನೊಬ್ಬ ಬಿಳಿ ಸೂಟಿನಲ್ಲಿ ಒಂದೇ ಒಂದು ಹೂವನ್ನು ಹಿಡಿದಿದ್ದಾನೆ. ಎತ್ತರದ ತಂದೆಯೊಬ್ಬ ಮಗುವನ್ನು ತೋಳಲ್ಲಿ ಎತ್ತಿಕೊಂಡಿದ್ದಾನೆ. ಹೆಂಗಸರ ಉಡುಪಿನ ಹೂಬಳ್ಳಿ ಹಿಂದಿನ ಪರದೆಯ ಬಳ್ಳಿಯೊಂದಿಗೆ ಬೆರೆತು, ಮುಖ ಮತ್ತು ಕೈಗಳಷ್ಟೇ ಎದ್ದು ಬರುತ್ತವೆ.

ಮಾಲಿಯ ಬಹುಸಂಖ್ಯಾತರು ಮುಸ್ಲಿಮರು. ಭಾವಚಿತ್ರ ಸಮ್ಮತವೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಎದ್ದಂತೆ ಅನೇಕ ಮುಸ್ಲಿಮ್ ನಾಡುಗಳಲ್ಲಿ ಎದ್ದಿದೆ. ಕ್ಯಾಮೆರಾ ಹೊಸದಾಗಿ ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತದೆ, ಆದ್ದರಿಂದ ಅದು ನಿಷಿದ್ಧವಲ್ಲ ಎಂದು ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಒಪ್ಪದ ವಿದ್ವಾಂಸರೂ ಇದ್ದರು, ಇದ್ದಾರೆ. ಬಮಾಕೋದ ಜನ ಆ ಚರ್ಚೆ ಮುಗಿಯಲೆಂದು ಕಾಯಲಿಲ್ಲ.

1960ರಲ್ಲಿ ಮಾಲಿ ಸ್ವತಂತ್ರವಾಯಿತು. ಸ್ವಲ್ಪ ಕಾಲದಲ್ಲೇ ಕೈತಾ ಸರಕಾರದ ಛಾಯಾಗ್ರಾಹಕರಾದರು, ಸ್ಟುಡಿಯೋ ಮುಚ್ಚಿತು. ಅವರಿಗಿಂತ ಕಿರಿಯರಾದ ಮಲಿಕ್ ಸಿದಿಬೆ ಯುವಜನರ ಕುಣಿತದ ಕೂಟಗಳಿಗೆ ಕ್ಯಾಮೆರಾ ಹೊತ್ತು ಹೋದರು. 2007ರಲ್ಲಿ ವೆನಿಸ್‌ನ ಪ್ರತಿಷ್ಠಿತ ಸ್ವರ್ಣಸಿಂಹ ಗೌರವ ಅವರಿಗೆ ಸಂದಿತು. 2016ರಲ್ಲಿ ತೀರಿಕೊಂಡರು.

ಕೈತಾರಿಗೆ ಕೀರ್ತಿ ಬಂದದ್ದು ಮುಪ್ಪಿನಲ್ಲಿ. 1994ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ. ಅಂಗೈಗಿಂತ ತುಸು ದೊಡ್ಡದಿದ್ದ ಚಿತ್ರಗಳು ಗೋಡೆಯೆತ್ತರಕ್ಕೆ ಬೆಳೆದವು. 2001ರಲ್ಲಿ ಅವರು ಪ್ಯಾರಿಸ್‌ನಲ್ಲೇ ನಿಧನರಾದರು. ನೆಗೆಟಿವ್‌ಗಳು ಯಾರಿಗೆ ಸೇರಬೇಕೆಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಎದುರು ಕುಳಿತವರ ಪಾಲು ಯಾವುದೆಂದು ಆ ಜಗಳದಲ್ಲಿ ಯಾರೂ ಕೇಳಿದಂತಿಲ್ಲ. ಕಲಾ ಪುಸ್ತಕಗಳಲ್ಲಿ ಅವರ ಚಿತ್ರಗಳಿಗೆ ಇಂದಿಗೂ 'ಶೀರ್ಷಿಕೆಯಿಲ್ಲ' ಎಂದೇ ಅಡಿಬರಹ.

ಇನ್ನೊಂದು ಸಂಗತಿ. ಗಿರಾಕಿಗಳು ಮನೆಗೊಯ್ದ ಆ ಸಣ್ಣ ಪ್ರತಿಗಳ ಮೇಲೆ ಕೈತಾ ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದರು. ನ್ಯೂಯಾರ್ಕಿಗೆ ತಲುಪಿದ್ದು ಮುದ್ರೆಯಿಲ್ಲದ ನೆಗೆಟಿವ್‌ಗಳು.