ಲೋಭಕ್ಕೆ ಮಿತಿಯ ಕಟ್ಟು: ಬಾಸೆಲ್ ಮಿಷನ್ನಿನ ಉದ್ಯಮಗಳಲ್ಲಿ ಕ್ರೈಸ್ತ ಧನನೀತಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳ ಮಾಡಿನಿಂದ ಹೆಂಚೊಂದನ್ನು ಇಳಿಸಿ ನೋಡಿದರೆ, ಅದು ಬಾಸೆಲ್ ಮಿಷನ್ನಿನ ಕಾರ್ಖಾನೆಯದಾಗಿದ್ದ ಪಕ್ಷದಲ್ಲಿ, ಆ ಸಂಸ್ಥೆಯ ಹೆಸರೂ 1865 ಎಂಬ ಇಸವಿಯೂ ಉಬ್ಬಕ್ಷರಗಳಲ್ಲಿ ಕಾಣಸಿಗುವುದುಂಟು. ಮತಪ್ರಚಾರಕ್ಕೆಂದು ಹೊರಟುಬಂದ ಮಂಡಲಿಯೊಂದು ಹೆಂಚು ಸುಡುವ ಉದ್ಯಮಕ್ಕೆ ಕೈಹಚ್ಚಿದುದೇಕೆ, ಹಾಗೆ ಬಂದ ಲಾಭವು ಲೋಭವಾಗದಂತೆ ಅದು ಕೈಗೊಂಡ ಉಪಾಯವೇನು ಎಂಬುದು ಇಲ್ಲಿಯ ವಿಚಾರ.

ಕ್ರೈಸ್ತಧರ್ಮವು ಆಶೆಯನ್ನೇ ಪಾಪವೆನ್ನುತ್ತದೆಂಬ ಗ್ರಹಿಕೆಗೆ ಸುವಾರ್ತೆಗಳಲ್ಲಿ ಆಧಾರ ಸಾಲದು. ಮಾರ್ಕನ 10ನೆಯ ಅಧ್ಯಾಯದಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಮಹಿಮೆಯ ಪದವಿಯಲ್ಲಿ ಬಲಗಡೆ ಎಡಗಡೆಯ ಆಸನಗಳನ್ನು ಬೇಡಿದಾಗ, ಯೇಸುವು ದೊಡ್ಡವರಾಗಬೇಕೆಂಬ ಅವರ ಹಂಬಲವನ್ನು ಅಳಿಸಹೋಗದೆ, ದೊಡ್ಡವನಾಗಬಯಸುವವನು ಸೇವಕನಾಗಲಿ ಎಂದು ಅದಕ್ಕೆ ದಾರಿಯನ್ನು ತಿರುಗಿಸಿಕೊಡುತ್ತಾನೆ. ತಲಾಂತುಗಳ ಸಾಮ್ಯದಲ್ಲಿಯೂ ಧಣಿಯ ಕೋಪಕ್ಕೆ ಗುರಿಯಾದವನು ಹಣವನ್ನು ನೆಲದಲ್ಲಿ ಹೂಳಿಟ್ಟ ಆಳು; ವ್ಯಾಪಾರಮಾಡಿ ಇಮ್ಮಡಿಗೊಳಿಸಿದವರು ಮೆಚ್ಚುಗೆಯನ್ನೇ ಪಡೆದರು. ಮೈಸೂರು ಸೀಮೆಯಲ್ಲಿ ಶ್ರಮಿಸಿದ ವೆಸ್ಲಿಯನ್ ಮಿಷನ್ನಿನ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿಯು 1760ರಲ್ಲಿ ಪ್ರಕಟವಾದ ಧನವಿನಿಯೋಗದ ಉಪದೇಶದಲ್ಲಿ ಗಳಿಕೆ, ಉಳಿಕೆ, ದಾನ ಎಂಬ ಮೂರನ್ನೂ ಒಂದೇ ಕರ್ತವ್ಯದ ಅಂಗಗಳೆಂದು ವಿಧಿಸಿದನು. ಆದರೆ ಅನುಯಾಯಿಗಳು ಮೊದಲೆರಡನ್ನು ಹಿಡಿದು ಮೂರನೆಯದನ್ನು ಮರೆತರೆಂದು ವೃದ್ಧಾಪ್ಯದಲ್ಲಿ ಮನನೊಂದು ಮಾತನಾಡಬೇಕಾಯಿತು. ಉಪದೇಶವೊಂದರಿಂದಲೇ ಲೋಭವು ಪಳಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆ?

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರ ಹೊಂದಿದವರು ಮನೆತನದ ಆಸ್ತಿಯನ್ನೂ ಕುಲದ ಕಸುಬನ್ನೂ ಕಳೆದುಕೊಂಡು ನಿಂತಾಗ, ಅವರಿಗೆ ಕೂಳಿನ ದಾರಿ ಕಾಣಿಸುವ ಹೊಣೆ ಮಿಷನ್ನಿನ ತಲೆಯ ಮೇಲೆ ಬಿದ್ದಿತು. ಮೊದಲು ನೇಯ್ಗೆ, ಬಳಿಕ 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಮಿಷನರಿಯ ಪ್ರಯತ್ನದಿಂದ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ನದೀಬಯಲಿನ ಜೇಡಿಯನ್ನು ಹದವಾಗಿ ಕಲಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗೂಡಿನಲ್ಲಿ ಸುಟ್ಟ ಆ ಹೆಂಚು, ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂಡುವಂತಿದ್ದುದರಿಂದ, ಕರಾವಳಿಯ ಬಿರುಮಳೆಗೂ ಜಗ್ಗದೆ ನಿಂತು ಪೇಟೆಯಲ್ಲಿ ಬೇಡಿಕೆಯನ್ನು ಗಳಿಸಿತು.

ಮಿಷನ್ನಿನ ವಾಣಿಜ್ಯಕ್ಕಾಗಿ 1859ರಷ್ಟು ಹಿಂದೆಯೇ ಬಾಸೆಲ್ಲಿನಲ್ಲಿ ಪ್ರತ್ಯೇಕ ವ್ಯಾಪಾರಸಂಘವು ಸ್ಥಾಪಿತವಾಗಿತ್ತು. ಷೇರುದಾರರಿಗೆ ಸಲ್ಲತಕ್ಕ ಲಾಭಾಂಶಕ್ಕೆ ಒಂದು ಮಿತಿಯನ್ನು ಹಾಕಿ, ಮಿಕ್ಕುದನ್ನು ಮಿಷನ್ನಿನ ಕಾರ್ಯಕ್ಕೆ ಸಲ್ಲಿಸುವ ನಿಬಂಧನೆಯೇ ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಸಾರಭೂತವಾದ ಅಂಶ. ಹಣ ತೊಡಗಿಸಿದವನ ಅಪೇಕ್ಷೆಯನ್ನು ಅವರು ಅಲ್ಲಗಳೆಯಲಿಲ್ಲ. ಅದು ಎಲ್ಲಿಗೆ ನಿಲ್ಲಬೇಕೆಂಬುದನ್ನು ಮುಂದಾಗಿಯೇ ಬರೆದಿಟ್ಟರು. ವೆಸ್ಲಿಯು ಅಂತಃಕರಣಕ್ಕೆ ಒಪ್ಪಿಸಿದ ಮೂರನೆಯ ವಿಧಿಯನ್ನು ಇವರು ಲೆಕ್ಕದ ಪುಸ್ತಕಕ್ಕೆ ಒಪ್ಪಿಸಿದರು. ದುಡಿಮೆಯ ಫಲವನ್ನು ಸಮಾಜಕ್ಕೆ ಒಪ್ಪಿಸುವ ಶರಣರ ಕಾಯಕ ದಾಸೋಹಗಳನ್ನು ಬಲ್ಲ ಕನ್ನಡಿಗರಿಗೆ ಈ ವಿವೇಕವು ಪರಕೀಯವೆನಿಸಲಾರದು.

ಆದರೂ ಇದನ್ನು ನಿರ್ದೋಷವೆಂದು ಕೊಂಡಾಡುವುದು ಸತ್ಯಕ್ಕೆ ಅಪಚಾರ. ಅನ್ನ ಕೊಡುವ ಧಣಿಯೂ ಆತ್ಮಕ್ಕೆ ದಾರಿ ತೋರುವ ಗುರುವೂ ಒಬ್ಬನೇ ಆದಲ್ಲಿ ಕೂಲಿಯವನ ಸ್ವಾತಂತ್ರ್ಯವು ಎಷ್ಟರಮಟ್ಟಿಗೆ ಉಳಿದೀತು? ಮೇಲಿನವರ ಲಾಭಕ್ಕೆ ಹಾಕಿದ ಮಿತಿಯು ಕೆಳಗಿನವರ ಕೂಲಿಯನ್ನು ಏರಿಸಿತೆಂದು ತಾನಾಗಿ ಸಿದ್ಧವಾಗುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಈ ಉದ್ಯಮಗಳನ್ನು ಸ್ವಾಧೀನಪಡಿಸಿಕೊಂಡಿತು; ಅನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಈ ಮಿಷನ್ನಿನ ನಿಘಂಟು, ವ್ಯಾಕರಣ, ಪತ್ರಿಕೆಗಳನ್ನು ಆದರದಿಂದ ಅಭ್ಯಸಿಸಿರುವ ನಮ್ಮ ವಿದ್ವಾಂಸರು ಅದರ ಕಾರ್ಖಾನೆಗಳ ಕೂಲಿಯ ಲೆಕ್ಕಗಳನ್ನೂ ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕೆಂದು ನನ್ನ ಪ್ರಾರ್ಥನೆ.