ವಿಮಾ ಸಪ್ತಾಹದ ಶಾಲು

ಸೆಪ್ಟೆಂಬರ್ ತಿಂಗಳ ಮೊದಲ ವಾರ ಬಂತೆಂದರೆ ಅತ್ತಿಬೆಲೆಯ ಹೂವಿನ ಅಂಗಡಿಯವರಿಗೆ ಸುಗ್ಗಿ. ಐದನೆಯ ತಾರೀಖು ನಮ್ಮ ಶಿಕ್ಷಕರ ದಿನಾಚರಣೆ. ಅದೇ ವಾರ ವಿಮೆಯವರ ಹಬ್ಬವೂ ಹೌದು. ಭಾರತೀಯ ಜೀವ ವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ ಒಂದರಂದು. ಆ ದಿನದಿಂದ ಒಂದು ವಾರ ವಿಮಾ ಸಪ್ತಾಹ. ಕಚೇರಿಯ ಬಾಗಿಲಿಗೆ ತೋರಣ, ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ, ಕೊನೆಗೊಂದು ಸನ್ಮಾನ ಸಮಾರಂಭ. ನಮ್ಮ ಶಾಲೆಯ ಮಕ್ಕಳು ಬಹುಮಾನ ಗೆದ್ದಾಗಲೆಲ್ಲ ಅವರನ್ನು ಕರೆದುಕೊಂಡು ಹೋಗುವ ಕೆಲಸ ನನ್ನದೇ ಆದ್ದರಿಂದ ಇಂಥ ಸಮಾರಂಭಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ನೀವೂ ನೋಡಿರುತ್ತೀರಿ. ವೇದಿಕೆಯ ಹಿಂದೆ ದೀಪವನ್ನು ಎರಡು ಕೈಗಳು ಕಾಯುತ್ತಿರುವ ದೊಡ್ಡ ಚಿತ್ರ, ಅದರ ಕೆಳಗೆ ಗೀತೆಯ ಒಂಬತ್ತನೆಯ ಅಧ್ಯಾಯದಿಂದ ತೆಗೆದುಕೊಂಡ ಧ್ಯೇಯವಾಕ್ಯ. ಮೊದಲು ಇಪ್ಪತ್ತೈದು ವರ್ಷ ಸೇವೆ ಮುಗಿಸಿದ ನೌಕರರಿಗೆ ಹಾರ. ಆಮೇಲೆ ನಿವೃತ್ತರಾಗುವವರಿಗೆ ಶಾಲು. ಅವರಲ್ಲಿ ಯಾರಾದರೂ ಒಬ್ಬರು ಮಾತನಾಡಲು ನಿಂತು, ಗಂಟಲು ಕಟ್ಟಿ, ಹೆಂಡತಿಯ ಕಡೆ ನೋಡಿ ಕೂತುಬಿಡುವುದೂ ಉಂಟು. ನಿಜವಾದ ಗದ್ದಲ ಶುರುವಾಗುವುದು ಏಜೆಂಟರ ಸರದಿ ಬಂದಾಗ. ಇವರು ಬ್ರಾಂಚ್ ಮ್ಯಾನೇಜರ್ ಕ್ಲಬ್ ಸದಸ್ಯರು, ಇವರು ಡಿವಿಜನಲ್ ಮ್ಯಾನೇಜರ್ ಕ್ಲಬ್, ಇವರು ಜೋನಲ್ ಮ್ಯಾನೇಜರ್ ಕ್ಲಬ್, ಇವರು ಚೇರ್ಮನ್ಸ್ ಕ್ಲಬ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರು ಕೂಗುತ್ತಾರೆ. ನನ್ನ ಪಕ್ಕ ಕೂತಿದ್ದ ಆರನೆಯ ತರಗತಿಯ ಹುಡುಗಿ ಒಮ್ಮೆ "ಮಿಸ್, ಇವರೆಲ್ಲ ಕ್ಲಬ್ಬಿಗೆ ಹೋಗ್ತಾರಾ?" ಎಂದು ಕೇಳಿದಳು. ಅವಳ ಊರಿನಲ್ಲಿ ಕ್ಲಬ್ಬು ಎಂದರೆ ಇಸ್ಪೀಟು.

ಈ ಕ್ಲಬ್ಬಿನ ಸಂಪ್ರದಾಯ ಅಮೆರಿಕದಿಂದ ಬಂದದ್ದಿರಬೇಕು ಎಂದು ನನ್ನ ಊಹೆ. 1927ರಲ್ಲಿ ಅಲ್ಲಿನ ಮೆಂಫಿಸ್ ಎಂಬ ಊರಿನಲ್ಲಿ 32 ಮಂದಿ ವಿಮಾ ಮಾರಾಟಗಾರರು ಸೇರಿ ಮಿಲಿಯನ್ ಡಾಲರ್ ರೌಂಡ್ ಟೇಬಲ್ ಎಂಬ ಸಂಘ ಕಟ್ಟಿದರು. ವರ್ಷಕ್ಕೆ ಹತ್ತು ಲಕ್ಷ ಡಾಲರಿನಷ್ಟು ವಿಮೆ ಮಾಡಿಸಿದವರಿಗೆ ಮಾತ್ರ ಅಲ್ಲಿ ಕುರ್ಚಿ. ಇವತ್ತು ನಮ್ಮ ಆನೇಕಲ್ ತಾಲ್ಲೂಕಿನ ಏಜೆಂಟರ ವಿಸಿಟಿಂಗ್ ಕಾರ್ಡಿನ ಮೇಲೂ ಎಂ.ಡಿ.ಆರ್.ಟಿ. ಎಂಬ ನಾಲ್ಕಕ್ಷರ ಕಾಣುತ್ತದೆ. ವಿಮೆ ಎಂಬುದು ಯಾರೂ ತಾವಾಗಿ ಕೊಳ್ಳಲು ಹೋಗದ ಸರಕು. ಸೀರೆಯ ಹಾಗೆ ಉಟ್ಟು ನೋಡಲಾಗುವುದಿಲ್ಲ. ಸಾವಿನ ಮಾತನ್ನು ಮನೆ ಬಾಗಿಲಿಗೆ ತೆಗೆದುಕೊಂಡು ಹೋಗಿ, ಬೈಸಿಕೊಂಡು, ಮತ್ತೆ ಹೋಗಬೇಕು. ಅಂಥ ಕೆಲಸ ಮಾಡುವವರಿಗೆ ಚಪ್ಪಾಳೆ ಬೇಕೇ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಚಪ್ಪಾಳೆ ಯಾವ ಲೆಕ್ಕಕ್ಕೆ ಬೀಳುತ್ತದೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ತಂದೆ ಹೊಸೂರು ರಸ್ತೆಯ ಮಗ್ಗುಲಲ್ಲಿ ಚಿಲ್ಲರೆ ದಿನಸಿ ಅಂಗಡಿ ಇಟ್ಟಿದ್ದರು. 1984ರಲ್ಲಿ ಅವರು ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ, ತಮ್ಮನಿಗೆ ಒಂಬತ್ತು. ಹತ್ತು ಸಾವಿರ ರೂಪಾಯಿಯ ಒಂದು ಪಾಲಿಸಿ ಇದೆ ಎಂಬುದು ಅಮ್ಮನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಅದನ್ನು ಮಾಡಿಸಿದ ಏಜೆಂಟರಿಗೆ. ಪಂಚೆ ಉಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದ ಅವರನ್ನು ನಾವು ಮಕ್ಕಳು ವಿಮೆ ಮಾಮ ಎನ್ನುತ್ತಿದ್ದೆವು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅವರು ಬಂದು ಜಗಲಿಯ ಮೇಲೆ ಕೂತು, "ತಾಯಿ, ಟ್ರಂಕು ತೆಗೆಸಿ" ಎಂದರು. ಟ್ರಂಕಿನ ತಳದಲ್ಲಿ ಹಾಸಿದ್ದ ಪಂಚಾಂಗದ ಅಡಿಯಲ್ಲಿ ಬಾಂಡು ಸಿಕ್ಕಿತು.

ಬಾಂಡು ಸಿಕ್ಕರೂ ಹಣ ಸುಲಭವಾಗಿ ಕೈಗೆ ಬರುವಂತಿರಲಿಲ್ಲ. ಅಮ್ಮನಿಗೆ ತವರಿನಲ್ಲಿ ಕರೆಯುವ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು. ಪಾಲಿಸಿಯಲ್ಲಿ ಮೊದಲನೆಯದು, ರೇಷನ್ ಕಾರ್ಡಿನಲ್ಲಿ ಎರಡನೆಯದು. ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ವಿಮೆ ಮಾಮ ಶಾನುಭೋಗರ ಮನೆಯಿಂದ ಪಂಚಾಯ್ತಿ ಕಚೇರಿಗೆ, ಅಲ್ಲಿಂದ ನೋಟರಿಯ ಹತ್ತಿರಕ್ಕೆ ನಾಲ್ಕು ತಿಂಗಳು ಸೈಕಲ್ ತುಳಿದರು. ನಮ್ಮ ಅಜ್ಜಿಗೆ ಕನ್ನಡಕ್ಕಿಂತ ತೆಲುಗು ಸಲೀಸು. ಆಕೆಗೆ ತೆಲುಗಿನಲ್ಲೇ, ಈ ದುಡ್ಡು ಸೊಸೆಯ ಕೈಗೇ ಹೋಗಬೇಕು, ಮೈದುನರ ಕೈಗಲ್ಲ ಎಂದು ಕೂರಿಸಿ ಹೇಳಿದರು. ಆ ಹಣದಿಂದ ಅಂಗಡಿಯ ಸಾಲ ತೀರಿತು. ಉಳಿದದ್ದು ಅಂಚೆ ಕಚೇರಿಗೆ ಹೋಗಿ, ಕೊನೆಗೆ ನನ್ನ ಬಿ.ಎಡ್. ಫೀಜಾಯಿತು. ವಿಮೆ ಮಾಮ ಯಾವ ಕ್ಲಬ್ಬಿಗೂ ಸೇರಲಿಲ್ಲ. ಐದು ಸಾವಿರ, ಹತ್ತು ಸಾವಿರದ ಪಾಲಿಸಿಗಳಿಂದ ಅಷ್ಟು ಎತ್ತರ ಏರಲಾಗುತ್ತಿರಲಿಲ್ಲ. ನಾಲ್ಕು ತಿಂಗಳು ಸೈಕಲ್ ತುಳಿದದ್ದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

ಹೆಂಡತಿಯ ಕೈಗೇ ಹಣ ಹೋಗಬೇಕು ಎಂಬ ಆ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1874ರಲ್ಲಿ ಬ್ರಿಟಿಷ್ ಸರ್ಕಾರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಎಂಬುದನ್ನು ತಂದಿತು. ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ ವಿಮೆ ಅವರದೇ ಸ್ವತ್ತು, ಸಾಲಗಾರರು ಅದರ ಮೇಲೆ ಕೈ ಹಾಕುವಂತಿಲ್ಲ ಎಂದು ಅದರ ಆರನೆಯ ಕಲಮು ಹೇಳುತ್ತದೆ. ಆದರೆ ಹಿಂದೂ, ಮುಸಲ್ಮಾನ, ಸಿಖ್, ಜೈನ ಹೆಂಗಸರಿಗೆ ಈ ರಕ್ಷಣೆ ದೇಶದ ಹೆಚ್ಚಿನ ಭಾಗದಲ್ಲಿ ದೊರೆತದ್ದು 1923ರಲ್ಲಿ, ಅಂದರೆ ಸುಮಾರು ಐವತ್ತು ವರ್ಷ ತಡವಾಗಿ. ಇವತ್ತಿಗೂ ಈ ಕಾಯ್ದೆಯಡಿ ಪಾಲಿಸಿ ಬರೆಸಬಹುದು. ಪಾಲಿಸಿ ತೆಗೆದುಕೊಳ್ಳುವಾಗಲೇ ಕೇಳಿ ಬರೆಸಬೇಕು. ಗಂಡ ವ್ಯಾಪಾರ ಮಾಡುವ ಮನೆಯ ಹೆಂಗಸರು ಈ ಒಂದು ಸಾಲನ್ನು ಮರೆಯಬಾರದು.

ಹೆಂಗಸರ ಜೀವಕ್ಕೇ ವಿಮೆ ಮಾಡುವ ವಿಷಯದಲ್ಲಿ ಕಂಪನಿಗಳಿಗಿಂತ ಅಂಚೆಯವರು ಮುಂದಿದ್ದರು. 1884ರಲ್ಲಿ ಶುರುವಾದ ಅಂಚೆ ಜೀವವಿಮೆಯನ್ನು 1894ರಲ್ಲಿ ಅಂಚೆ ತಂತಿ ಇಲಾಖೆಯ ಮಹಿಳಾ ನೌಕರರಿಗೂ ಕೊಟ್ಟರು. ಹೆಂಗಸಿನ ಜೀವವನ್ನು ಬೇರೆ ವಿಮಾ ಕಂಪನಿಗಳು ಒಪ್ಪಿಕೊಳ್ಳದಿದ್ದ ಕಾಲ ಅದು. ಜೀವ ವಿಮಾ ನಿಗಮದ ಪುಸ್ತಕದಲ್ಲಿಯೂ ಹೆಂಗಸರಿಗೆ ಮೂರು ದರ್ಜೆ. ಸಂಪಾದಿಸುವವರು ಮೊದಲನೆಯದು. ಸ್ವಂತ ಸಂಪಾದನೆಯಿಲ್ಲದ ಗೃಹಿಣಿ ಮೂರನೆಯದು. ಆಕೆಗೆ ಎಷ್ಟು ಮೊತ್ತದ ವಿಮೆ ಕೊಡಬಹುದು ಎಂಬುದಕ್ಕೆ ಗಂಡನ ವಿಮೆ ಎಷ್ಟಿದೆ ಎಂದು ನೋಡುವ ಪದ್ಧತಿ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವವಳು ಮೂರನೆಯ ದರ್ಜೆ! ಲೆಕ್ಕ ಬರೆದವರು ಒಂದು ವಾರ ಅಡುಗೆಮನೆ ನೋಡಿಕೊಂಡಿದ್ದರೆ ದರ್ಜೆ ಬೇರೆಯಾಗುತ್ತಿತ್ತೋ ಏನೋ.

ನಮ್ಮ ಮೈಸೂರು ಸಂಸ್ಥಾನದ ದಾರಿಯೇ ಬೇರೆ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1891ರಲ್ಲಿ ಸರ್ಕಾರಿ ನೌಕರರಿಗೆ ಜೀವವಿಮೆ ಆರಂಭವಾಯಿತು. ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದು. ಸಂಬಳದ ಚೀಟಿಯಲ್ಲಿ ಕೆ.ಜಿ.ಐ.ಡಿ. ಎಂದು ಪ್ರತಿ ತಿಂಗಳೂ ಹಣ ಮುರಿದುಕೊಳ್ಳುವುದನ್ನು ನನ್ನಂಥ ಸರ್ಕಾರಿ ಶಾಲೆಯವರೆಲ್ಲ ಬಲ್ಲರು. ಅಲ್ಲಿ ಮನೆ ಬಾಗಿಲಿಗೆ ಬರುವ ಏಜೆಂಟರಿಲ್ಲ, ಆದ್ದರಿಂದ ಕ್ಲಬ್ಬಿಲ್ಲ, ಶಾಲಿಲ್ಲ. ನೌಕರಿಗೆ ಸೇರಿದರೆ ವಿಮೆಗೂ ಸೇರಿದ ಹಾಗೆ. ನಮ್ಮ ಸಹೋದ್ಯೋಗಿಯೊಬ್ಬರು ಕೋವಿಡ್ ಕಾಲದಲ್ಲಿ ತೀರಿಕೊಂಡಾಗ ಅವರ ಕಡತವನ್ನು ಮುಂದೆ ಸಾಗಿಸಿದ ಗುಮಾಸ್ತೆ ಯಾರೆಂದು ಅವರ ಮನೆಯವರಿಗೆ ಇವತ್ತಿಗೂ ತಿಳಿಯದು.

ಇನ್ನು ಮುಖಂಡತ್ವದ ಮಾತು. ಸ್ವಾತಂತ್ರ್ಯ ಬಂದಾಗ ಜೀವವಿಮೆ ಖಾಸಗಿಯವರ ಕೈಯಲ್ಲಿತ್ತು. ಪಾಲಿಸಿದಾರರ ಹಣವನ್ನು ಮಾಲೀಕರು ತಮ್ಮ ಬೇರೆ ವ್ಯವಹಾರಗಳಿಗೆ ತಿರುಗಿಸಿಕೊಂಡ ಹಗರಣಗಳನ್ನು ಫಿರೋಜ್ ಗಾಂಧಿಯವರು 1955ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಬಯಲಿಗೆಳೆದರು. ಮರು ತಿಂಗಳು, 1956ರ ಜನವರಿ 19ರಂದು, ಸುಗ್ರೀವಾಜ್ಞೆ ಹೊರಟಿತು. ಅರ್ಥಮಂತ್ರಿ ಸಿ.ಡಿ. ದೇಶ್‌ಮುಖ್ ಆ ರಾತ್ರಿ ರೇಡಿಯೋದಲ್ಲಿ ಮಾತನಾಡಿ ಸುದ್ದಿ ಕೊಟ್ಟರು. 245 ಕಂಪನಿ ಮತ್ತು ಸಂಘಗಳು ಒಟ್ಟುಗೂಡಿ, ಸರ್ಕಾರದ ಐದು ಕೋಟಿ ರೂಪಾಯಿ ಬಂಡವಾಳದಿಂದ ನಿಗಮವಾಯಿತು. ಆದರೆ ಮಾಲೀಕ ಬದಲಾದ ಮಾತ್ರಕ್ಕೆ ಬುದ್ಧಿ ಬದಲಾಗಬೇಕಲ್ಲ! 1957ರಲ್ಲಿ ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ ನಿಗಮದ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹೂಡಿಕೆಯಾದದ್ದು ಹೊರಬಿತ್ತು. ಎತ್ತಿ ಆಡಿದವರು ಮತ್ತೆ ಫಿರೋಜ್ ಗಾಂಧಿಯವರೇ. ನ್ಯಾಯಮೂರ್ತಿ ಛಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆಳುವ ಪಕ್ಷದ ಸದಸ್ಯ, ಪ್ರಧಾನಿಯ ಅಳಿಯ, ತನ್ನದೇ ಸರ್ಕಾರವನ್ನು ಕಟಕಟೆಗೆ ನಿಲ್ಲಿಸಿದ್ದು ಹೀಗೆ. ಸಪ್ತಾಹದ ಭಾಷಣಗಳಲ್ಲಿ ಈ ಅಧ್ಯಾಯವನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬಹುದಿತ್ತು. ಟ್ರಂಕಿನ ತಳದಲ್ಲಿದ್ದ ನಮ್ಮ ಬಾಂಡಿಗೆ ಬೆಲೆ ಉಳಿದದ್ದು ಇಂಥ ಕೆಲವರು ಕೇಳಬೇಕಾದದ್ದನ್ನು ಕೇಳಿದ್ದರಿಂದಲೂ ಹೌದು.

ಮೇಲಿನ ಕುರ್ಚಿಗಳಲ್ಲಿ ಹೆಂಗಸರು ಕೂರಲು ಮತ್ತೂ ಅರ್ಧ ಶತಮಾನ ಹಿಡಿಯಿತು. 1981ರಲ್ಲಿ ನೇರ ನೇಮಕಾತಿಯಲ್ಲಿ ಅಧಿಕಾರಿಯಾಗಿ ಸೇರಿದ ಉಷಾ ಸಾಂಗ್ವಾನ್ ಅವರು 2013ರಲ್ಲಿ ನಿಗಮದ ವ್ಯವಸ್ಥಾಪಕ ನಿರ್ದೇಶಕರಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಸಾಮಾನ್ಯ ವಿಮೆಯ ಕಡೆ, 1983ರಲ್ಲಿ ಸೇರಿದ್ದ ಕೇರಳದ ಆಲಿಸ್ ವೈದ್ಯನ್ ಅವರು 2016ರಲ್ಲಿ ಜನರಲ್ ಇನ್ಷೂರೆನ್ಸ್ ಕಾರ್ಪೊರೇಷನ್ನಿನ ಮುಖ್ಯಸ್ಥೆಯಾದರು. 2021ರಲ್ಲಿ ಮಿನಿ ಐಪ್ ಅವರೂ ನಿಗಮದ ವ್ಯವಸ್ಥಾಪಕ ನಿರ್ದೇಶಕರಾದರು. ಮೂವತ್ತು ಮೂವತ್ತೈದು ವರ್ಷ ಒಂದೇ ಉದ್ಯಮದಲ್ಲಿ, ವರ್ಗಾವಣೆಯಾದ ಊರಿಗೆಲ್ಲ ಹೋಗಿ ಕೆಲಸ ಮಾಡಿದರೆ ಮಾತ್ರ ಏರಬಹುದಾದ ಎತ್ತರ ಅದು. ಎರಡೂರು ವರ್ಗಾವಣೆಗೇ ಮನೆಯಲ್ಲಿ ಏನೇನು ರಾದ್ಧಾಂತವಾಗುತ್ತದೆಂದು ನೌಕರಿ ಮಾಡುವ ಹೆಂಗಸರಿಗೆ ಹೇಳಬೇಕಿಲ್ಲ. ಇಂಥವರ ಸನ್ಮಾನಕ್ಕೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಇತ್ತೀಚಿನ ಮೈಲಿಗಲ್ಲುಗಳು ಮಾತ್ರ ಸಂಖ್ಯೆಯವು. 2025ರ ಜನವರಿ 20ರಂದು, ಇಪ್ಪತ್ತನಾಲ್ಕು ಗಂಟೆಗಳಲ್ಲಿ, ನಿಗಮದ 4,52,839 ಏಜೆಂಟರು 5,88,107 ಪಾಲಿಸಿ ಮಾಡಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ದೊಡ್ಡ ಸಂಖ್ಯೆಯೇ. ನಮ್ಮೂರಿನಲ್ಲಿ ಕೂತು ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಬೇರೆ ದಿನ. 2023ರ ಅಕ್ಟೋಬರ್ 7ರ ಮಧ್ಯಾಹ್ನ, ಗಡಿಯ ಹತ್ತಿರದ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ದೀಪಾವಳಿಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ಹುಡುಗರು. ಎರಡೂ ರಾಜ್ಯಗಳ ಸರ್ಕಾರಗಳು ಪರಿಹಾರ ಘೋಷಿಸಿದವು. ಆ ಹುಡುಗರಲ್ಲಿ ಎಷ್ಟು ಜನರ ತಾಯಂದಿರ ಟ್ರಂಕಿನ ತಳದಲ್ಲಿ ಬಾಂಡಿತ್ತು? ಸಪ್ತಾಹ ಮುಗಿದು ಒಂದೇ ತಿಂಗಳಾಗಿತ್ತು. ನಾಲ್ಕು ಹೆಜ್ಜೆಯಾಚೆ ಕಾರ್ಖಾನೆಯಲ್ಲಿ ಕಾಯಂ ಕೆಲಸದಲ್ಲಿರುವವನಿಗೆ ಪ್ರಾವಿಡೆಂಟ್ ಫಂಡಿನ ಜೊತೆಗೇ 1976ರಿಂದ ಒಂದು ವಿಮೆ ಅಂಟಿಕೊಂಡು ಬರುತ್ತದೆ, ಆತ ಸತ್ತರೆ ಮನೆಯವರಿಗೆ ಏಳು ಲಕ್ಷದವರೆಗೆ ಸಿಗಬಹುದು. ಎಷ್ಟೋ ಹೆಂಡತಿಯರಿಗೆ ಇದು ತಿಳಿದಿಲ್ಲ. ಪೋಷಕರ ಸಭೆಯಲ್ಲಿ ನಾನು ಮಾರ್ಕ್ಸಿನ ಮಾತು ಮುಗಿದ ಮೇಲೆ ಇದನ್ನೂ ಹೇಳಿ ಕಳಿಸುತ್ತೇನೆ. ಹಬ್ಬದ ಕೂಲಿಗೆ ಬಂದವನ ಲೆಕ್ಕ ಮಾತ್ರ ಯಾವ ಕ್ಲಬ್ಬಿನ ಪಟ್ಟಿಯಲ್ಲೂ ಬರುವುದಿಲ್ಲ.

2024ರ ಡಿಸೆಂಬರಿನಲ್ಲಿ ಪಾಣಿಪತ್ತಿನಲ್ಲಿ ಬಿಮಾ ಸಖಿ ಎಂಬ ಯೋಜನೆ ಶುರುವಾಯಿತು. ಹತ್ತನೆಯ ತರಗತಿ ಪಾಸಾದ, ಹದಿನೆಂಟರಿಂದ ಎಪ್ಪತ್ತು ವರ್ಷದ ಹೆಂಗಸರು ಏಜೆಂಟರಾಗಬಹುದು. ಮೊದಲ ವರ್ಷ ತಿಂಗಳಿಗೆ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ. ಜೊತೆಗೆ ಕಮಿಷನ್. ವರ್ಷಕ್ಕೆ 24 ಜನರಿಗಾದರೂ ವಿಮೆ ಮಾಡಿಸಬೇಕು. ಎರಡನೆಯ ವರ್ಷದ ಹಣ ಕೈಗೆ ಬರಬೇಕಾದರೆ ಮೊದಲ ವರ್ಷದ ಪಾಲಿಸಿಗಳಲ್ಲಿ ನೂರಕ್ಕೆ 65 ಜೀವಂತವಾಗಿರಬೇಕು ಎಂಬ ಷರತ್ತು ನನಗೆ ಹಿಡಿಸಿತು. ಮಾಡಿಸಿ ಕೈಬಿಡುವವರಿಗೆ ಅಲ್ಲಿ ಜಾಗವಿಲ್ಲ.

ನಮ್ಮ ಎದುರು ಮನೆಯ ಸೊಸೆ, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇದಕ್ಕೆ ಸೇರಿದ್ದಾಳೆ. ಗಂಡ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾನೆ. ಮೊನ್ನೆ ಸಂಜೆ ನಮ್ಮ ಮನೆಗೆ ಬಂದವಳು, "ಮಿಸ್, ಹೂವಮ್ಮನವರು ಪಾಲಿಸಿ ತಗೋತಾರಂತೆ, ಅವರಿಗೆ ಓದೋಕೆ ಬರಲ್ಲ, ಫಾರಂ ನೀವೊಂದ್ಸಲ ನೋಡಿಕೊಡ್ತೀರಾ?" ಎಂದಳು. ನೋಡಿದೆ. ನಾಮಿನಿಯ ಜಾಗದಲ್ಲಿ ಮಗಳ ಮುದ್ದಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆ ಬರೆಯಬೇಕು ಎಂದೆ. ಮಳೆ ಹನಿಯುತ್ತಿತ್ತು. ಕೊಡೆ ಕೊಡುತ್ತೇನೆ ಎಂದರೂ ನಿಲ್ಲದೆ, ಕಾರ್ಡು ನೋಡಿಕೊಂಡು ಬರುತ್ತೇನೆಂದು ಬಸ್ ನಿಲ್ದಾಣದ ಹೂವಿನ ಅಂಗಡಿಯ ಕಡೆಗೆ ಮತ್ತೆ ಹೊರಟಳು.