ಪ್ಲೇಗಿನ ಕಾಲದ ಬಾಳುವೆ ಮತ್ತು ದುಡಿಮೆ

ದೇಶದ ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ದಂಡಯಾತ್ರೆ, ಕೋಟೆಗಳ ಮುತ್ತಿಗೆ ಇವುಗಳ ವೃತ್ತಾಂತವೆಂದು ತಿಳಿಯುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಒಂದು ಜನಾಂಗದ ನಿಜವಾದ ಸತ್ತ್ವವು ಪ್ರಕಟವಾಗುವುದು ರಣರಂಗದಲ್ಲಿ ಮಾತ್ರವಲ್ಲ. ಊರಿಗೆ ಊರೇ ಸಾವಿನ ನೆರಳಿನಲ್ಲಿ ನಿಂತಿರುವಾಗ ಒಲೆಯನ್ನು ಆರಗೊಡದ ತಾಯಿಯಲ್ಲಿ, ಬಿತ್ತನೆಯ ಹದವನ್ನು ತಪ್ಪಗೊಡದ ಒಕ್ಕಲಿಗನಲ್ಲಿ, ರೋಗಿಯ ಹಾಸಿಗೆಯನ್ನು ಬಿಟ್ಟೋಡದ ವೈದ್ಯನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಉತ್ಸವದ ಸಮಯದಲ್ಲಿ ಸಂತೋಷದ ಸಂಗತಿಗಳನ್ನು ಮಾತ್ರ ನೆನೆಯುವುದು ಲೋಕಾರೂಢಿಯಾದರೂ, ನಮ್ಮ ಹಿಂದಿನವರು ದಾಟಿಬಂದ ಕಷ್ಟದ ಹೊಳೆಗಳನ್ನು ನೆನೆಯದ ಉತ್ಸವವು ಅಪೂರ್ಣವೆಂದೇ ಹೇಳಬೇಕು. ಆದುದರಿಂದ ಕನ್ನಡ ನಾಡಿನ ಮೇಲೆ ಎರಗಿದ ಪ್ಲೇಗಿನ ಕಾಲದಲ್ಲಿ ಜನರು ಹೇಗೆ ಬಾಳಿದರು, ಹೇಗೆ ದುಡಿದರು ಎಂಬುದನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದೆ.

ಕ್ರಿ. ಶ. ೧೮೯೪ರಲ್ಲಿ ಹಾಂಗಕಾಂಗ ನಗರದಲ್ಲಿ ಈ ರೋಗವು ಪ್ರಬಲವಾಯಿತು. ಅಲ್ಲಿಯೇ ಅದೇ ವರ್ಷ ಯೆರ್ಸಿನ್ ಎಂಬ ವಿದ್ವಾಂಸನು ಅದರ ಸೂಕ್ಷ್ಮಜಂತುವನ್ನು ಕಂಡುಹಿಡಿದನು. ೧೮೯೬ರ ಸಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿಯ ದಕ್ಕೆಯ ಮಗ್ಗುಲ ಓಣಿಗಳಲ್ಲಿ ರೋಗವು ತಲೆಯೆತ್ತಿತು. ಧಾನ್ಯದ ಮೂಟೆಗಳೊಡನೆ ಇಲಿಗಳೂ, ಇಲಿಗಳೊಡನೆ ಅವುಗಳ ಮೈಮೇಲಿನ ಚಿಗಟಗಳೂ ಊರಿಂದೂರಿಗೆ ಸಾಗಿದುವು. ದೇಶಕ್ಕೆ ಅಭ್ಯುದಯವನ್ನು ತರುವುದೆಂದು ಹಾಕಿದ ಉಕ್ಕಿನ ಹಳಿಗಳ ಮೇಲೆಯೇ ಮೃತ್ಯುವೂ ಪ್ರಯಾಣ ಮಾಡಿತು. ೧೮೯೮ರಲ್ಲಿ ಹುಬ್ಬಳ್ಳಿ ಧಾರವಾಡಗಳು ಅದರ ಬಾಯಿಗೆ ಬಿದ್ದುವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ರೋಗವು ಕಾಣಿಸಿಕೊಂಡಿತು. ೧೮೯೧ರ ಜನಗಣತಿಯಲ್ಲಿ ಸುಮಾರು ೮೦,೦೦೦ ಜನರಿದ್ದ ಬೆಂಗಳೂರು ಪೇಟೆಯಲ್ಲಿ ೧೯೦೧ರ ಗಣತಿಯ ಕಾಲಕ್ಕೆ ಸುಮಾರು ೬೯,೦೦೦ ಜನರು ಮಾತ್ರ ಉಳಿದಿದ್ದರು. ಕೆಲವರು ಮಡಿದಿದ್ದರು, ಕೆಲವರು ಊರು ಬಿಟ್ಟಿದ್ದರು. ೧೯೦೭ನೆಯ ಒಂದೇ ವರ್ಷದಲ್ಲಿ ಭರತಖಂಡದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜನರು ಈ ರೋಗಕ್ಕೆ ಆಹುತಿಯಾದರು.

ಆ ಕಾಲದ ಹಳ್ಳಿಗರಿಗೆ ಸೂಕ್ಷ್ಮಜಂತುವೆಂದರೇನೆಂದು ತಿಳಿದಿರಲಿಲ್ಲ. ಆದರೆ ಕಣ್ಣಿದ್ದವರಿಗೆ ಅನುಭವವೇ ಗುರುವಲ್ಲವೆ? "ಇಲಿ ಬಿತ್ತು" ಎಂಬ ಎರಡೇ ಮಾತುಗಳು ನಮ್ಮ ನಾಡಿನಲ್ಲಿ ಡಂಗುರದಂತೆ ಕೆಲಸ ಮಾಡುತ್ತಿದ್ದುವು. ಮಾಡಿನ ತೊಲೆಯಿಂದ ಇಲಿಯೊಂದು ತಿರುಗಿ ತಿರುಗಿ ಬಿದ್ದು ಸತ್ತಿತೆಂದರೆ, ಆ ಮನೆಯವರು ಅಂದೇ ಗಂಟುಮೂಟೆ ಕಟ್ಟುತ್ತಿದ್ದರು. ಇಲಿಯ ಮೈಯಿಂದ ಇಳಿದ ಚಿಗಟವೇ ರೋಗವನ್ನು ಮನುಷ್ಯನಿಗೆ ಹರಡುವುದೆಂದು ಸಿಮೊಂಡ್ ಎಂಬ ವೈದ್ಯನು ೧೮೯೮ರಲ್ಲಿ ತೋರಿಸಿಕೊಟ್ಟನು. ಪಂಡಿತರು ಅದನ್ನು ಒಪ್ಪಿಕೊಳ್ಳಲು ಮತ್ತೆ ಕೆಲವು ವರ್ಷಗಳೇ ಹಿಡಿದುವು. ನಮ್ಮ ಹಳ್ಳಿಯ ಮುದುಕಿಯರಾದರೋ ಕಾರಣವನ್ನರಿಯದೆಯೂ ಉಪಾಯವನ್ನು ಅರಿತಿದ್ದರು: ಇಲಿ ಬಿದ್ದ ಮನೆಯಲ್ಲಿ ಇರಬಾರದು.

ಹೀಗೆ ಊರು ಬಿಟ್ಟವರು ಹೊಲಗಳಲ್ಲಿಯೂ ತೋಪುಗಳಲ್ಲಿಯೂ ಗುಡಿಸಲುಗಳನ್ನು ಹಾಕಿಕೊಳ್ಳುತ್ತಿದ್ದರು. ಬಿದಿರಿನ ಗಳುಗಳು, ತಡಿಕೆಯ ಗೋಡೆ, ಜೋಳದ ದಂಟು ಇಲ್ಲವೆ ತೆಂಗಿನ ಸೋಗೆಯ ಹೊದಿಕೆ, ಇಷ್ಟೇ ಅರಮನೆ. ಗೌಡನ ಗುಡಿಸಲಿಗೂ ಆಳಿನ ಗುಡಿಸಲಿಗೂ ಹೆಚ್ಚಿನ ಅಂತರವಿರಲಿಲ್ಲ. ಮೂರು ಕಲ್ಲುಗಳೇ ಒಲೆ. ಬೀಸುವ ಕಲ್ಲು ಬೇವಿನ ಮರದ ಬುಡಕ್ಕೆ ಬಂತು. ಹೆಂಗಸರು ನಸುಕಿನಲ್ಲಿ ಬೀಸುವ ಪದಗಳನ್ನು ಹಾಡುವುದು ನಿಲ್ಲಲಿಲ್ಲ. ಶಾಲೆಯ ಬಾಗಿಲು ಮುಚ್ಚಿದಲ್ಲಿ ಮರದ ನೆಳಲೇ ಮಕ್ಕಳಿಗೆ ಶಾಲೆಯಾಯಿತು. ಬಿಟ್ಟುಬಂದ ಮನೆಗಳ ಹೆಂಚುಗಳನ್ನು ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡುತ್ತಿದ್ದರು. ಮಳೆ ಬಂದರೆ ಗುಡಿಸಲು ಸೋರುವುದು. ಹಾವುಚೇಳುಗಳ ಭಯವಂತೂ ಇದ್ದೇ ಇತ್ತು. ತಿಂಗಳುಗಟ್ಟಲೆ ಹೀಗೆ ಕಳೆದು, ಮನೆಗೆ ಸುಣ್ಣ ಬಳಿದು, ಸಾರಿಸಿ, ಊರ ದೇವತೆಗೆ ಪೂಜೆ ಸಲ್ಲಿಸಿ ಒಳಸೇರುವರು. ಮರುವರ್ಷ ಮತ್ತೆ ಇಲಿ ಬೀಳುವುದು, ಮತ್ತೆ ಗುಡಿಸಲು. ಹೀಗೆ ಹತ್ತಾರು ವರ್ಷ ಬಾಳಿದ ಜನರು ನಮ್ಮ ಪೂರ್ವಜರು. ಭಯವನ್ನೇ ದೇವತೆಯನ್ನಾಗಿ ಮಾಡಿ ಕೈಮುಗಿದುದೂ ಉಂಟು. ಬೆಂಗಳೂರಿನಲ್ಲಿ ಪ್ಲೇಗಿನಮ್ಮನ ಗುಡಿಯು ಇಂದಿಗೂ ಆ ಕಾಲಕ್ಕೆ ಸಾಕ್ಷಿಯಾಗಿ ನಿಂತಿದೆ.

ಆದರೆ ಎಲ್ಲರ ಪಾಡೂ ಒಂದೇ ಆಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹೊಲವುಳ್ಳವನು ಹೊಲಕ್ಕೆ ಹೋದನು. ಹೊಲವಿಲ್ಲದವನು ಎಲ್ಲಿಗೆ ಹೋಗಬೇಕು? ನೇಕಾರನ ಮಗ್ಗವು ನೆಲದಲ್ಲಿ ಕುಣಿ ತೋಡಿ ಹೂಡಿದ್ದು. ಅದನ್ನು ಹೆಗಲ ಮೇಲೆ ಹೊತ್ತು ತೋಪಿಗೆ ಒಯ್ಯುವಂತಿಲ್ಲ. ಮನೆ ಬಿಟ್ಟನೆಂದರೆ ಅವನು ಅನ್ನವನ್ನೇ ಬಿಟ್ಟಂತೆ. ದಿನಗೂಲಿಯವನಿಗೆ ಪೇಟೆ ಬರಿದಾದೊಡನೆ ಕೈ ಬರಿದಾಯಿತು. ರೋಗದ ಭಯ ಒಂದು ಕಡೆ, ಹಸಿವಿನ ಭಯ ಮತ್ತೊಂದು ಕಡೆ. ಎರಡರ ನಡುವೆ ಸಿಕ್ಕಿದ ಬಡವನು ಎಷ್ಟೋ ವೇಳೆ ಇಲಿ ಬಿದ್ದ ಮನೆಯಲ್ಲಿಯೇ ಉಳಿಯಬೇಕಾಯಿತು. ಸ್ವಾವಲಂಬನೆಯನ್ನು ಉಪದೇಶಿಸುವವರು ಈ ಮಾತನ್ನು ಮರೆಯಲಾಗದು. ತನ್ನ ಕಾಲ ಮೇಲೆ ನಿಲ್ಲೆಂದು ಹೇಳುವ ಮೊದಲು, ನಿಲ್ಲಲು ಅಂಗೈಯಗಲ ನೆಲವಿದೆಯೇ ಎಂದು ನೋಡಬೇಕಾಗುತ್ತದೆ.

ಸರಕಾರವು ತನ್ನ ಕೈಲಾದುದನ್ನು ಮಾಡಿತು, ಮಾಡಬಾರದುದನ್ನೂ ಮಾಡಿತು. ೧೮೯೭ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಂಗೀಕೃತವಾಯಿತು. ಮನೆಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಬಲಾತ್ಕಾರದಿಂದ ಬೇರ್ಪಡಿಸುವುದು, ಬಟ್ಟೆಬರೆಗಳನ್ನು ಸುಡುವುದು ಮೊದಲಾದ ಕ್ರಮಗಳಿಂದ ಜನರ ಮನಸ್ಸು ಕದಡಿತು. ೧೮೯೮ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನರು ದಂಗೆಯೆದ್ದರು. ಹಿತವನ್ನೇ ಮಾಡುವುದಾದರೂ ವಿಶ್ವಾಸವನ್ನು ಗಳಿಸದೆ ಮಾಡಿದರೆ ಅದು ಅಹಿತದಂತೆಯೇ ತೋರುವುದೆಂಬುದಕ್ಕೆ ಇದು ನಿದರ್ಶನವು. ಇನ್ನೊಂದು ಕಡೆ, ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ ಮತ್ತು ಮಲ್ಲೇಶ್ವರ ಎಂಬ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದುವು. ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರಲ್ಲಿ ತೆರೆಯಲ್ಪಟ್ಟಿತು. ಇಂದು ಆ ಬೀದಿಗಳ ಮರಗಳ ನೆರಳಿನಲ್ಲಿ ನಡೆಯುವವರಲ್ಲಿ ಎಷ್ಟು ಮಂದಿ ಆ ನೆರಳಿನ ಮೂಲವನ್ನು ನೆನೆಯುವರೋ!

ಈ ಸಂಕಟದ ಕಾಲದಲ್ಲಿ ತಮ್ಮ ವೃತ್ತಿಧರ್ಮವನ್ನು ಬಿಡದೆ ನಿಂತ ಇಬ್ಬರ ಚರಿತ್ರೆಯನ್ನು ಇಲ್ಲಿ ಹೇಳತಕ್ಕದ್ದಿದೆ. ಮೊದಲನೆಯವನು ವಾಲ್ಡೆಮಾರ್ ಹಾಫ್ಕಿನ್. ೧೮೬೦ರಲ್ಲಿ ರಶಿಯದ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ ಜನಿಸಿದ ಈತನು ಯೆಹೂದ್ಯನು. ಮತವನ್ನು ಬದಲಿಸಲೊಪ್ಪದ ಕಾರಣ ಸ್ವದೇಶದ ವಿದ್ಯಾಪೀಠದಲ್ಲಿ ಅವನ ಏಳಿಗೆಗೆ ದಾರಿಯಿರಲಿಲ್ಲ. ಪ್ಯಾರಿಸಿನ ಪಾಸ್ತರ್ ಸಂಸ್ಥೆಗೆ ಹೋಗಿ, ಅಲ್ಲಿಯೂ ತಕ್ಕ ಹುದ್ದೆಯಿಲ್ಲದೆ ಗ್ರಂಥಾಲಯದ ಸಹಾಯಕನಾಗಿ ಸೇರಿಕೊಂಡನು. ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸಿ ಕಾಲರಾ ರೋಗಕ್ಕೆ ಚುಚ್ಚುಮದ್ದನ್ನು ಸಿದ್ಧಪಡಿಸಿದನು. ೧೮೯೩ರಲ್ಲಿ ಭರತಖಂಡಕ್ಕೆ ಬಂದು, ೧೮೯೬ರಲ್ಲಿ ಮುಂಬಯಿಗೆ ಕರೆಸಲ್ಪಟ್ಟು, ಗ್ರಾಂಟ್ ವೈದ್ಯ ಕಾಲೇಜಿನಲ್ಲಿ ಇಕ್ಕಟ್ಟಾದ ಸ್ಥಳದಲ್ಲಿ ಕೆಲವೇ ಮಂದಿ ಸಹಾಯಕರೊಡನೆ ಹಗಲಿರುಳೂ ದುಡಿದು ಪ್ಲೇಗಿನ ಲಸಿಕೆಯನ್ನು ತಯಾರಿಸಿದನು. ೧೮೯೭ರ ಜನವರಿ ೧೦ರಂದು ಆ ಮದ್ದನ್ನು ಮೊಟ್ಟಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಪರರಿಗೆ ಹೇಳುವುದನ್ನು ಮೊದಲು ತಾನು ಮಾಡಿ ತೋರಿಸಿದವನ ಮಾತಿಗೆ ಬೆಲೆ ಬರುವುದು. ಮುಂದಿನ ವರ್ಷ ಹುಬ್ಬಳ್ಳಿ ಧಾರವಾಡಗಳಲ್ಲಿ ಸಹಸ್ರಾವಧಿ ಜನರು ಆ ಲಸಿಕೆಯನ್ನು ಪಡೆದರು.

ಆದರೆ ಯಶಸ್ಸಿನ ಬೆನ್ನಿಗೇ ಅಪವಾದವೂ ಬಂದಿತು. ೧೯೦೨ರಲ್ಲಿ ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಒಂದು ಸೀಸೆಯಿಂದ ಲಸಿಕೆ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಮಡಿದರು. ದೋಷವನ್ನು ಹಾಫ್ಕಿನ್ನನ ತಲೆಗೆ ಕಟ್ಟಿದರು. ಅವನು ಸ್ಥಾನವನ್ನು ಕಳೆದುಕೊಂಡನು. ಸೀಸೆಯನ್ನು ತೆರೆದ ಸ್ಥಳದಲ್ಲಿಯೇ ಮಾಲಿನ್ಯವುಂಟಾಯಿತೆಂದು ಪಂಡಿತರು ವಾದಿಸಿ, ೧೯೦೭ರಲ್ಲಿ ಅವನು ನಿರ್ದೋಷಿಯೆಂದು ಒಪ್ಪಲ್ಪಟ್ಟನು. ಐದು ವರ್ಷಗಳ ಅವಮಾನವನ್ನು ನುಂಗಿ ಅವನು ಮತ್ತೆ ಇದೇ ದೇಶಕ್ಕೆ ಬಂದು ಕಲಕತ್ತೆಯಲ್ಲಿ ಕೆಲಸಕ್ಕೆ ಕುಳಿತನು. ೧೯೨೫ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟರು.

ಎರಡನೆಯವರು ಡಾಕ್ಟರ್ ಪದ್ಮನಾಭನ್ ಪಲ್ಪು. ೧೮೬೩ರಲ್ಲಿ ತಿರುವನಂತಪುರದಲ್ಲಿ ಈಳವ ಕುಲದಲ್ಲಿ ಹುಟ್ಟಿದ ಇವರು ಮದ್ರಾಸಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು ತೇರ್ಗಡೆಯಾದರು. ಆದರೆ ಹುಟ್ಟಿನ ಕಾರಣದಿಂದ ತಿರುವಾಂಕೂರು ಸಂಸ್ಥಾನವು ಅವರಿಗೆ ಕೆಲಸವನ್ನು ಕೊಡಲಿಲ್ಲ. ಮೈಸೂರು ಸಂಸ್ಥಾನವು ಕೊಟ್ಟಿತು. ೧೮೯೮ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಹಬ್ಬಿದಾಗ, ಜನರು ಹೆಸರು ಕೇಳಿಯೇ ನಡುಗುತ್ತಿದ್ದ ರೋಗಿಗಳ ಶಿಬಿರದಲ್ಲಿ ಇವರು ನಿಂತು ಸೇವೆ ಮಾಡಿದರು. ಹುಟ್ಟಿದ ನಾಡು ಮುಟ್ಟಲೊಲ್ಲದ ಕೈಗಳು ನಮ್ಮ ನಾಡಿನ ರೋಗಿಗಳ ಗಡ್ಡೆಗಳನ್ನು ತೊಳೆದುವು. ಇಷ್ಟೇ ಅಲ್ಲ, ಉದ್ಯೋಗದಲ್ಲಿದ್ದುಕೊಂಡೇ ೧೮೯೬ರಲ್ಲಿ ತಮ್ಮ ಜನರ ೧೩,೦೦೦ಕ್ಕೂ ಮಿಕ್ಕ ರುಜುಗಳೊಡನೆ ತಿರುವಾಂಕೂರಿನ ಅರಸರಿಗೆ ಮನವಿಯನ್ನು ಒಪ್ಪಿಸಿದ್ದರು. ೧೯೦೩ರಲ್ಲಿ ನಾರಾಯಣಗುರುಗಳ ಹೆಸರಿನಲ್ಲಿ ಸ್ಥಾಪಿತವಾದ ಸಂಘದ ಬೆನ್ನೆಲುಬಾಗಿಯೂ ನಿಂತರು. ತಮಗೆ ಬಾಗಿಲು ತೆರೆಯಿತೆಂದು ಒಳಹೊಕ್ಕು ಸುಮ್ಮನಾಗದೆ, ಹಿಂದೆ ನಿಂತವರಿಗಾಗಿ ಬಾಗಿಲನ್ನು ಹಿಡಿದು ನಿಂತವರು ಇವರು.

ಪ್ಲೇಗಿನ ಹೊಡೆತ ತಗ್ಗುವ ಮೊದಲೇ ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಬಂದು ದೇಶದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಕೊಂಡೊಯ್ದಿತೆಂದು ಅಂದಾಜು ಮಾಡಿದ್ದಾರೆ. ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆಯು ಹಿಂದಿನ ಗಣತಿಗಿಂತ ಕಡಿಮೆಯಾಗಿ ಕಂಡದ್ದು ೧೯೨೧ರಲ್ಲಿ ಮಾತ್ರ. ಇಂಥ ಕಾಲದಲ್ಲಿಯೇ ನಮ್ಮವರು ಹೊಸ ಸಂಸ್ಥೆಗಳನ್ನು ಕಟ್ಟಿದರೆಂಬುದು ಸ್ಮರಣೀಯವಾದ ಸಂಗತಿ. ೧೯೧೬ರ ನವೆಂಬರ ೧೩ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೂಡಿ ಕರ್ಣಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಎರಡೇ ವರ್ಷಗಳಲ್ಲಿ ಮಹಾಜ್ವರವು ನಾಡನ್ನು ಮುತ್ತಿತು. ಎಳೆಯ ಸಂಸ್ಥೆಯು ಬಾಡಲಿಲ್ಲ. ೧೯೩೩ರಲ್ಲಿ ಅದು ಲಿಂಗರಾಜ ಕಾಲೇಜನ್ನು ತೆರೆಯುವಷ್ಟು ಬೆಳೆಯಿತು.

ಪ್ಲೇಗು ಮುಂದೆಯೂ ಬಹುಕಾಲ ನಮ್ಮ ಹಳ್ಳಿಗಳನ್ನು ಬಿಡಲಿಲ್ಲ. ೧೯೩೧ರಲ್ಲಿ ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿಯೇ ಈ ರೋಗದಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡರು. ಪರರ ಮನೆಯ ಅನ್ನವನ್ನುಂಡು, ಊದುಬತ್ತಿ ಮಾರಿ, ಚಿತ್ರಮಂದಿರದ ಬಾಗಿಲನ್ನು ಕಾಯ್ದು, ಒಮ್ಮೆ ಮುಂಬಯಿಯಲ್ಲಿ ರೈಲ್ವೆಯ ಹಮಾಲಿಯನ್ನೂ ಮಾಡಿ, ಮತ್ತೆ ಮತ್ತೆ ವಿದ್ಯೆಯ ಕಡೆಗೇ ತಿರುಗಿದರು. ತತ್ತ್ವಶಾಸ್ತ್ರದಲ್ಲಿ ಉಚ್ಚ ಪದವಿಗಳನ್ನು ಪಡೆದು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಅಧ್ಯಾಪಕರಾದರು. ಪ್ಲೇಗು ಬರಿದುಮಾಡಿದ್ದ ಊರಿನಲ್ಲಿಯೇ ಪ್ಲೇಗು ಅನಾಥನನ್ನಾಗಿಸಿದ ಬಾಲಕನು ಗುರುವಾಗಿ ನಿಂತನು. ೧೯೭೦ರಲ್ಲಿ ಪ್ರಕಟವಾದ ಅವರ ಗೃಹಭಂಗ ಕಾದಂಬರಿಯಲ್ಲಿ ಆ ಕಾಲದ ಹಳ್ಳಿಯ ಸಂಸಾರವು ಮಾರಿಯ ಕೈಗೆ ಸಿಕ್ಕಿ ಒಡೆದ ಬಗೆಯು ಚಿತ್ರಿತವಾಗಿದೆ. ೨೦೨೫ರಲ್ಲಿ ಅವರು ಕಾಲವಶರಾದರು. ಅವರ ಜೀವನವನ್ನು ಸ್ವಾವಲಂಬನೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಆ ಬಾಲಕನಿಗೆ ಒಂದು ಹೊತ್ತಿನ ಅನ್ನವಿಕ್ಕಿದ ಹೆಸರಿಲ್ಲದ ತಾಯಂದಿರನ್ನು ಬಿಟ್ಟರೆ ಆ ಉದಾಹರಣೆಯು ಅರ್ಧವಾಗುವುದು. ಕೈ ಚಾಚಿದವನ ಛಲವೂ, ಚಾಚಿದ ಕೈಗೆ ಅನ್ನವಿಟ್ಟವರ ಕರುಣೆಯೂ ಕೂಡಿದಲ್ಲಿ ಮಾತ್ರ ಒಬ್ಬ ಮನುಷ್ಯನು ಎದ್ದು ನಿಲ್ಲುವನು.

ಇತ್ತೀಚಿನ ಅನುಭವವೂ ನಮ್ಮ ಕಣ್ಣ ಮುಂದಿದೆ. ೨೦೨೦ರ ಮಾರ್ಚ್ ೧೦ರಂದು ಕಲಬುರಗಿಯ ವೃದ್ಧರೊಬ್ಬರು ಕೋವಿಡ್ ರೋಗದಿಂದ ತೀರಿಕೊಂಡರು. ದೇಶದಲ್ಲಿ ಆ ರೋಗದಿಂದಾದ ಮೊದಲನೆಯ ಮರಣವು ಅದೇ. ೧೮೯೭ರ ಕಾಯಿದೆಯನ್ನೇ ಧೂಳು ಕೊಡವಿ ಹೊರತೆಗೆದರು. ಮಾರ್ಚ್ ೨೫ರಿಂದ ದೇಶವೆಲ್ಲವೂ ಬಾಗಿಲು ಮುಚ್ಚಿತು. ಹಿಂದೆ ಊರಿನಿಂದ ಹೊಲಕ್ಕೆ ಹೋದವರಂತೆ, ಈ ಸಲ ಪಟ್ಟಣಗಳಿಂದ ಹಳ್ಳಿಗಳಿಗೆ ಕೂಲಿಕಾರರು ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತು ನಡೆದರು. ಮನೆಯೊಳಗೇ ಕುಳಿತು ವೃತ್ತಿಯನ್ನು ನಡೆಸಬಲ್ಲವನ ದುಡಿಮೆ ಮುಂದುವರಿಯಿತು. ಬೀದಿಯಲ್ಲಿ ದುಡಿಯುವವನದು ನಿಂತಿತು. ಕುಣಿಮಗ್ಗದ ನೇಕಾರನ ಕಥೆಯೇ ನೂರಿಪ್ಪತ್ತು ವರ್ಷಗಳ ಮೇಲೆ ಮರಳಿ ಬಂದಿತೆನ್ನಬಹುದು. ಅಂಥ ಸಮಯದಲ್ಲಿ ಬೀದಿಬೀದಿಗೆ ಅನ್ನದ ಪೊಟ್ಟಣಗಳನ್ನು ಒಯ್ದವರೂ, ಉಸಿರು ಕಟ್ಟಿದ ರೋಗಿಯ ಮಗ್ಗುಲಲ್ಲಿ ನಿಂತ ದಾದಿಯರೂ ಪಲ್ಪುಗಳ ಪರಂಪರೆಗೇ ಸೇರಿದವರು.

ವಾಚಕ ಮಹಾಶಯರೇ, ಮಾರಿಗಳು ಬರುತ್ತವೆ, ಹೋಗುತ್ತವೆ. ಮುಂದೆ ಬರಲಾರವೆಂದು ಹೇಳುವ ಧೈರ್ಯ ಯಾರಿಗಿದೆ? ಪೂರ್ವಜರು ನಮಗೆ ಬಿಟ್ಟುಹೋದ ಬುದ್ಧಿವಾದವು ಸರಳವಾದುದು. ಇಲಿ ಬಿದ್ದುದನ್ನು ಕಂಡ ಮೇಲೆ ಕಾಣದವರಂತೆ ನಟಿಸಬಾರದು. ಗುಡಿಸಲಿನಲ್ಲಿಯಾದರೂ ಒಲೆಯನ್ನು ಹೊತ್ತಿಸಬೇಕು, ಮಕ್ಕಳಿಗೆ ಅಕ್ಷರವನ್ನು ತಪ್ಪಿಸಬಾರದು, ಕೈಗೆ ಬಂದ ಕೆಲಸವನ್ನು ಅವಮಾನಕ್ಕೂ ಅಪವಾದಕ್ಕೂ ಅಂಜಿ ಬಿಡಬಾರದು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಗುಡಿಸಲಿಗೆ ಗಳುಗಳನ್ನು ಕಡಿಯುವಾಗ ಗಳುವಿಲ್ಲದ ನೆರೆಯವನಿಗಾಗಿ ನಾಲ್ಕನ್ನು ಹೆಚ್ಚಾಗಿ ಕಡಿಯಬೇಕು. ಇಷ್ಟನ್ನು ನಾವು ಮರೆಯದಿದ್ದರೆ, ಹೊಲದ ಗುಡಿಸಲುಗಳಲ್ಲಿ ಮಳೆಗೆ ನೆನೆದು, ಬಿಸಿಲಿಗೆ ಬೆಂದು ನಮ್ಮನ್ನು ಈ ದಿನದವರೆಗೆ ತಂದು ಮುಟ್ಟಿಸಿದ ಆ ಹಿರಿಯರ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದಂತಾಗುವುದು.